ಅಮೆರಿಕನ್ ಕಾರ್ನರ್ ಅಂದ್ರೆ ಏನು? ಪರದೇಶದ ಲೈಬ್ರರೀಲಿ ಒಂದು ದೇಶದ ಮೂಲೆ

ಅಮೆರಿಕನ್ ಕಾರ್ನರ್ ಅನ್ನೋ ಬೋರ್ಡ್ ನೋಡಿ ಬರ್ಗರ್ ಅಂಗಡಿ ಅನ್ಕೊಂಡು ಒಳಗೆ ಹೋದ್ರೆ ಸಿಗೋದು ಪುಸ್ತಕದ ಕಪಾಟು, ಒಂದಷ್ಟು ಕಂಪ್ಯೂಟರ್, ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆಯ ಗೈಡು. ಒಂದು ದೇಶದ ಸರ್ಕಾರ ಇನ್ನೊಂದು ದೇಶದ ಪಬ್ಲಿಕ್ ಲೈಬ್ರರಿನೋ ಯೂನಿವರ್ಸಿಟಿ ಲೈಬ್ರರಿನೋ ಹಿಡ್ಕೊಂಡು, ಅದರ ಜೊತೆ ಒಪ್ಪಂದ ಮಾಡ್ಕೊಂಡು, ಅದೇ ಕಟ್ಟಡದೊಳಗೆ ತನ್ನ ದೇಶದ ಬಗ್ಗೆ ಮಾಹಿತಿ ಕೊಡೋ ಒಂದು ಕೋಣೆ ಮಾಡಿಸೋದು, ಇದು ಸಾಂಸ್ಕೃತಿಕ ರಾಜತಾಂತ್ರಿಕತೆಯ ಒಂದು ದಾರಿ. ಸಾಂಸ್ಕೃತಿಕ ರಾಜತಾಂತ್ರಿಕತೆ ಅಂದ್ರೆ ಸೈನ್ಯ, ಸಾಲ, ವ್ಯಾಪಾರ ಇವನ್ನೆಲ್ಲ ಬಿಟ್ಟು ಪುಸ್ತಕ, ಭಾಷೆ, ಸಿನಿಮಾ, ಸಂಗೀತದ ಮೂಲಕ ಬೇರೆ ದೇಶದ ಜನರ ಮನಸ್ಸಲ್ಲಿ ಜಾಗ ಮಾಡ್ಕೊಳ್ಳೋದು.

ಬೆಂಗಳೂರಿನವರಿಗೆ ಬ್ರಿಟಿಷ್ ಕೌನ್ಸಿಲ್, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ, ವಸಂತನಗರದ ಅಲಯಾನ್ಸ್ ಫ್ರಾನ್ಸೇಸ್ ಎಲ್ಲ ಗೊತ್ತೇ ಇರತ್ತೆ, ಆದ್ರೆ ಅವು ಅವರದೇ ಹೆಸರಲ್ಲಿ ನಡೆಯೋ ಬೇರೆ ಸಂಸ್ಥೆಗಳು. ಕಾರ್ನರ್ ಹಾಗಲ್ಲ. ಸ್ವಂತ ಅಂಗಡಿ ತೆಗೆಯೋ ಬದ್ಲು ಊರಲ್ಲಿ ಆಗ್ಲೇ ಚೆನ್ನಾಗಿ ನಡೀತಿರೋ ಅಂಗಡೀಲಿ ಒಂದು ಕೌಂಟರ್ ಇಟ್ಟ ಹಾಗೆ. ಜಾಗ, ಕರೆಂಟು, ಸಿಬ್ಬಂದಿ ಎಲ್ಲ ಆ ಊರಿನ ಲೈಬ್ರರಿದು, ಪುಸ್ತಕ, ಕಂಪ್ಯೂಟರ್, ಸಿಬ್ಬಂದಿಗೆ ಟ್ರೇನಿಂಗು, ಆನ್‌ಲೈನ್ ಡೇಟಾಬೇಸ್ ಚಂದಾ ಇವು ರಾಯಭಾರ ಕಚೇರಿದು.

ಇದರಲ್ಲಿ ನನಗೆ ಮುಖ್ಯ ಅನ್ಸೋದು ಅಲ್ಲಿ ಕೂತಿರೋ ಮನುಷ್ಯ. ಅಮೆರಿಕಾದಲ್ಲಿ ಎಂ.ಎಸ್. ಮಾಡೋಕೆ ಯಾವ ಪರೀಕ್ಷೆ ಬರೀಬೇಕು, ಸ್ಕಾಲರ್‌ಶಿಪ್ ಹೇಗೆ ಅಂತ ಒಬ್ಬ ಹುಡುಗಿ ಬಂದು ಕೇಳಿದ್ರೆ ಉತ್ತರ ಹೇಳೋದು ಅಮೆರಿಕಾದವರಲ್ಲ, ಅದೇ ಊರಿನ ಲೈಬ್ರರಿಯನ್, ಅದೇ ಊರಿನ ಭಾಷೇಲಿ, ಅವರ ಸಂಬಳ ಬರೋದೂ ಆ ಲೈಬ್ರರಿಯಿಂದಾನೇ. ಸಂಜೆ ಹೊತ್ತು ಇಂಗ್ಲಿಷ್ ಮಾತಾಡೋ ಕ್ಲಬ್ಬು, ಶನಿವಾರ ಸಿನಿಮಾ, ಆಗೀಗ ರಾಯಭಾರ ಕಚೇರಿಯ ಯಾರೋ ಬಂದು ಒಂದು ಭಾಷಣ. ಪ್ರಚಾರ ಅಲ್ವಾ ಇದು ಅಂದ್ರೆ ಹೌದು, ಪ್ರಚಾರಾನೇ, ಆದ್ರೆ ಬೇಜಾರಾದ್ರೆ ಎದ್ದು ಪಕ್ಕದ ಕಪಾಟಿಗೆ ಹೋಗೋ ಸ್ವಾತಂತ್ರ್ಯ ಇರೋ ಪ್ರಚಾರ.

ಅಮೆರಿಕಾ ಮೊದಲು ಹೀಗೆ ಮಾಡ್ತಿರಲಿಲ್ಲ. 1942ರಲ್ಲಿ ಮೆಕ್ಸಿಕೋ ಸಿಟೀಲಿ ಬೆಂಜಮಿನ್ ಫ್ರಾಂಕ್ಲಿನ್ ಲೈಬ್ರರಿ ತೆರೆದ ಮೇಲೆ ಶೀತಲ ಸಮರದ ಕಾಲಕ್ಕೆ ಊರೂರಲ್ಲಿ ತನ್ನದೇ ಲೈಬ್ರರಿ ಕಟ್ಟಿತು, ಹಳಬರಿಗೆ ಯುಸಿಸ್, ಅಂದ್ರೆ ಅಮೆರಿಕಾ ಸರ್ಕಾರದ ಮಾಹಿತಿ ಸೇವೆ, ಅಂದ್ರೆ ನೆನಪಾಗಬಹುದು. ತೊಂದ್ರೆ ಏನಪ್ಪ ಅಂದ್ರೆ ಅಮೆರಿಕಾ ಮೇಲೆ ಯಾರಿಗಾದ್ರೂ ಸಿಟ್ಟು ಬಂದ್ರೆ ಕೈಗೆ ಸಿಗೋದು ಇದೇ ಕಟ್ಟಡ, 1964ರಲ್ಲಿ ಕೈರೋದ ಲೈಬ್ರರಿಗೆ ಪ್ರತಿಭಟನೆಗೆ ಬಂದವರು ಬೆಂಕಿ ಇಟ್ರು, ನಮ್ಮ ಕೋಲ್ಕತ್ತದ ಅಮೆರಿಕನ್ ಸೆಂಟರ್ ಮುಂದೆ 2002ರ ಜನವರೀಲಿ ಗುಂಡು ಹಾರಿಸಿದಾಗ ಸತ್ತಿದ್ದು ಕಾವಲಿಗಿದ್ದ ನಮ್ಮ ಪೊಲೀಸರು. ಇದರ ನಡುವೆ 1998ರಲ್ಲಿ ಆಫ್ರಿಕಾದ ನೈರೋಬಿ, ದಾರ್ ಎಸ್ ಸಲಾಮ್‌ನ ಅಮೆರಿಕಾ ರಾಯಭಾರ ಕಚೇರಿಗಳಲ್ಲಿ ಬಾಂಬ್ ಸ್ಫೋಟ ಆಯ್ತು, ಆಮೇಲೆ ಕಚೇರಿಗಳೆಲ್ಲ ದಪ್ಪ ಗೋಡೆ ಹಿಂದೆ ಸೇರ್ಕೊಂಡ್ವು. 1999ರಲ್ಲಿ ಈ ಲೈಬ್ರರಿಗಳನ್ನ ನೋಡ್ಕೊಳ್ತಿದ್ದ ಯುಎಸ್ಐಎ ಅನ್ನೋ ಸಂಸ್ಥೆಯನ್ನೇ ಮುಚ್ಚಿ ವಿದೇಶಾಂಗ ಇಲಾಖೆಗೆ ಸೇರಿಸಿದ್ರು. ದುಡ್ಡೂ ಕಮ್ಮಿ, ಭಯಾನೂ ಜಾಸ್ತಿ. ಗೇಟಲ್ಲಿ ಬ್ಯಾಗ್ ತಪಾಸಣೆ ಮಾಡಿಸ್ಕೊಂಡು ಕಾದಂಬರಿ ಓದೋಕೆ ಯಾರು ಹೋಗ್ತಾರೆ ಹೇಳಿ. ಆಗ ಬಂದಿದ್ದೇ ಈ ಕಾರ್ನರ್ ಉಪಾಯ, 2000ದ ಆಸುಪಾಸಲ್ಲಿ ರಷ್ಯಾದ ಊರುಗಳ ಲೈಬ್ರರಿಗಳಲ್ಲಿ ಶುರುವಾಗಿ ಬೇರೆ ದೇಶಗಳಿಗೂ ಹಬ್ಬಿತು.

ಲೈಬ್ರರಿನೇ ಯಾಕೆ ಅಂದ್ರೆ ಜನಕ್ಕೆ ಅದರ ಮೇಲೆ ಆಗ್ಲೇ ನಂಬಿಕೆ ಇರತ್ತೆ. ಆ ನಂಬಿಕೆ ಕೆಡಿಸೋದು ಎಷ್ಟು ಸುಲಭ ಅಂತ 1953ರಲ್ಲಿ ಅಮೆರಿಕಾನೇ ತೋರಿಸ್ತು. ಎಲ್ಲೆಲ್ಲೂ ಕಮ್ಯುನಿಸ್ಟರನ್ನ ಹುಡುಕ್ತಿದ್ದ ಸೆನೆಟರ್ ಮೆಕಾರ್ಥಿಯ ಇಬ್ಬರು ಸಹಾಯಕರು, ರಾಯ್ ಕೋನ್ ಮತ್ತೆ ಡೇವಿಡ್ ಶೈನ್, ಯುರೋಪ್ ತುಂಬಾ ಓಡಾಡಿ ಅಮೆರಿಕಾದ ಲೈಬ್ರರಿಗಳಲ್ಲಿ ಕಮ್ಯುನಿಸ್ಟರು ಬರೆದ ಪುಸ್ತಕ ಇದೆಯಾ ಅಂತ ಹುಡುಕಿದ್ರು, ಹೆದರಿದ ಅಧಿಕಾರಿಗಳು ಪುಸ್ತಕಗಳನ್ನ ಕಪಾಟಿಂದ ತೆಗೆದೇ ಬಿಟ್ರು. ಅದೇ ಜೂನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಡಾರ್ಟ್‌ಮತ್ ಕಾಲೇಜಿನ ಭಾಷಣದಲ್ಲಿ ಪುಸ್ತಕ ಸುಡೋರ ಜೊತೆ ಸೇರಬೇಡಿ ಅಂತ ಹೇಳಬೇಕಾಗಿ ಬಂತು. ನಮ್ಮಲ್ಲಿ ವಾಕ್ ಸ್ವಾತಂತ್ರ್ಯ ಇದೆ ಅಂತ ತೋರ್ಸೋಕೆ ಇಟ್ಟ ಲೈಬ್ರರೀಲಿ ಪುಸ್ತಕ ತೆಗ್ಸಿದ್ರೆ ಇನ್ನೇನು ಉಳೀತು?

ಬೇರೆಯವರ ಮನೇಲಿ ಇರೋದಕ್ಕೆ ಒಂದು ಬೆಲೆನೂ ಇದೆ, ಬೀಗದ ಕೈ ಅವರ ಹತ್ರಾನೇ ಇರತ್ತೆ. ಮಾಸ್ಕೋದ ವಿದೇಶಿ ಸಾಹಿತ್ಯ ಲೈಬ್ರರೀಲಿ, ಕಾರ್ನರ್ ಅನ್ನೋ ಹೆಸರು ಬರೋಕೆ ಮೊದ್ಲೇ, ಇದೇ ಥರದ ಅಮೆರಿಕನ್ ಸೆಂಟರ್ ತೆರೆದಿದ್ದು 1993ರಲ್ಲಿ, ಬ್ರಿಟಿಷ್ ಕೌನ್ಸಿಲ್ಲೂ ಅದೇ ಲೈಬ್ರರೀಲಿ ಜಾಗ ಮಾಡ್ಕೊಂಡಿತ್ತು. ಇದಕ್ಕೆಲ್ಲ ಬೆನ್ನೆಲುಬಾಗಿ ನಿಂತಿದ್ದು ಆ ಲೈಬ್ರರಿಯ ನಿರ್ದೇಶಕಿ ಎಕಟೆರಿನಾ ಗೆನೀವಾ. 2015ರ ಜುಲೈನಲ್ಲಿ ಅವರು ತೀರ್ಕೊಂಡ್ರು, ಸೆಪ್ಟೆಂಬರ್ ಹೊತ್ತಿಗೆ ಹೊಸ ಆಡಳಿತ ಒಪ್ಪಂದ ಮುರಿದು ಹಾಕ್ತು, ಸೆಂಟರ್ ಗಂಟುಮೂಟೆ ಕಟ್ಕೊಂಡು ರಾಯಭಾರ ಕಚೇರಿ ಒಳಗೇ ಹೋಯ್ತು. ಉಕ್ರೇನ್ ವಿಷಯಕ್ಕೆ ಎರಡೂ ದೇಶದ ಸಂಬಂಧ ಹಳಸಿದ್ದ ಕಾಲ ಅದು, ನಿಜ, ಆದ್ರೂ ಗೆನೀವಾ ಇರೋವರೆಗೂ ಬಾಗಿಲು ತೆರೆದೇ ಇತ್ತು. ನಮ್ಮಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ನಡೆಸೋ ಜರ್ಮನಿಯ ಗೋಯಥೆ ಇನ್‌ಸ್ಟಿಟ್ಯೂಟ್ ಇನ್ನೂ ಧೈರ್ಯ ಮಾಡಿ 2004ರಲ್ಲಿ ಉತ್ತರ ಕೊರಿಯಾದ ಪ್ಯೋಂಗ್ಯಾಂಗಲ್ಲಿ ಒಂದು ರೀಡಿಂಗ್ ರೂಮ್ ತೆರೀತು. ಯಾರು ಬೇಕಾದ್ರೂ ಬಂದು ಓದಬೇಕು, ಸೆನ್ಸಾರ್ ಇರಬಾರದು ಅನ್ನೋದು ಷರತ್ತು. ಆ ಷರತ್ತು ನಡೀತಿಲ್ಲ ಅಂತ 2009ರಲ್ಲಿ ಅವರೇ ಮುಚ್ಚಿದ್ರು. ಓದುಗರನ್ನ ಒಳಗೆ ಬಿಡದ ಕೋಣೇಲಿ ಎಷ್ಟು ಪುಸ್ತಕ ಇದ್ರೆ ಏನು ಬಂತು, ಮುಚ್ಚಿದ್ದೇ ಸರಿ ಅಂತ ನನಗನ್ಸತ್ತೆ.

ಸದ್ದಿಲ್ಲದೆ ನಡೆಸೋರೂ ಇದ್ದಾರೆ. ಆಸ್ಟ್ರಿಯಾ 1980ರ ದಶಕದ ಕೊನೆಯಿಂದ ಪೂರ್ವ ಯುರೋಪಿನ ಯೂನಿವರ್ಸಿಟಿ ಲೈಬ್ರರಿಗಳಲ್ಲಿ ಆಸ್ಟ್ರಿಯಾ ಲೈಬ್ರರಿ ಅಂತ ಇಡ್ತಾ ಬಂತು, ಈಗ 60ಕ್ಕೂ ಹೆಚ್ಚಿವೆ. ಶಾಂಘೈ ಲೈಬ್ರರಿ ತನ್ನ ವಿಂಡೋ ಆಫ್ ಶಾಂಘೈ ಯೋಜನೇಲಿ ಬೇರೆ ದೇಶದ ಲೈಬ್ರರಿಗಳಿಗೆ ಪುಸ್ತಕ ದಾನ ಮಾಡತ್ತೆ. ನಮ್ಮ ಐಸಿಸಿಆರ್, ಅಂದ್ರೆ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು, 1950ರಲ್ಲಿ ಮೌಲಾನಾ ಆಜಾದ್ ಶುರು ಮಾಡಿದ್ದು, ಅದು ಹೆಚ್ಚಾಗಿ ನೆಚ್ಚಿಕೊಂಡಿರೋದು ಹೊರದೇಶದಲ್ಲಿ ತನ್ನದೇ ಸಾಂಸ್ಕೃತಿಕ ಕೇಂದ್ರಗಳನ್ನ, ಯೋಗ, ಕಥಕ್, ಹಿಂದಿ ಕ್ಲಾಸ್ ಎಲ್ಲ ಅಲ್ಲೇ.

ಇಲ್ಲಿ ಒಂದು ಗೊಂದಲ ಆಗೋದುಂಟು. ಶಿಕಾಗೋ ಯೂನಿವರ್ಸಿಟಿ ಲೈಬ್ರರೀಲಿ ಕನ್ನಡ ಪುಸ್ತಕ ಸಿಗತ್ತಲ್ಲ, ಅದೂ ಇದೇನಾ ಅಂದ್ರೆ ಅಲ್ಲ. ಪಿಎಲ್-480 ಗೋಧಿ, ಅಂದ್ರೆ ಆ ಹೆಸರಿನ ಕಾನೂನಿನಡಿ ಅಮೆರಿಕಾ ನಮಗೆ ಕಳಿಸ್ತಿದ್ದ ಗೋಧಿ, ನೆನಪಿದೆಯಾ? ಆ ಗೋಧಿಗೆ ನಾವು ರೂಪಾಯಲ್ಲಿ ಕೊಟ್ಟ ದುಡ್ಡಿನ ಒಂದು ಪಾಲಲ್ಲಿ ಅಮೆರಿಕಾ ಸಂಸತ್ತಿನ ಲೈಬ್ರರಿಯಾದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಮೆರಿಕಾದ ಲೈಬ್ರರಿಗಳಿಗೆ ಕಳಿಸ್ತಿತ್ತು. ಅಲ್ಲಿ ಯಾವ ಪುಸ್ತಕ ಬೇಕು ಅಂತ ಆರಿಸಿದ್ದು ಓದೋ ದೇಶ, ಕಾರ್ನರ್‌ನಲ್ಲಿ ಆರಿಸೋದು ಕೊಡೋ ದೇಶ.