ಮ್ಯಾಟಿನ ಅಂಚಿನಲ್ಲಿ ಯಾರಿರಬೇಕು? ಅಮೆರಿಕದ ಕಾಲೇಜು ಚಿಯರ್‌ಲೀಡಿಂಗ್ ಮತ್ತು ಗಾಯಗಳು

ಪ್ರತಿವರ್ಷ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಡೇಟೋನಾ ಬೀಚ್‌ನಲ್ಲಿ, ಬ್ಯಾಂಡ್‌ಶೆಲ್ ಎಂದು ಹೆಸರಾದ ಕಡಲತೀರದ ಹಳೆಯ ಬಯಲು ರಂಗಮಂದಿರದಲ್ಲಿ, ದೇಶದ ನಾನಾ ಕಾಲೇಜುಗಳ ಚಿಯರ್‌ಲೀಡಿಂಗ್ ತಂಡಗಳು ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಾಗಿ ಸೇರುತ್ತವೆ. ಒಂದೊಂದು ತಂಡಕ್ಕೂ ಸಿಗುವುದು 2 ನಿಮಿಷ 15 ಸೆಕೆಂಡುಗಳ ಒಂದು ರೂಟೀನ್. ಅಷ್ಟರಲ್ಲಿ ಸಾಲುಸಾಲಾಗಿ ಲಾಗ ಹಾಕಬೇಕು, ಸಹಪಾಠಿಗಳನ್ನು ತಲೆಗಿಂತ ಎತ್ತರದಲ್ಲಿ ಅಂಗೈಗಳ ಮೇಲೆ ನಿಲ್ಲಿಸಬೇಕು, ಆಕಾಶಕ್ಕೆ ಎಸೆದು ಹಿಡಿಯಬೇಕು, ಪಿರಮಿಡ್ ಕಟ್ಟಿ ಇಳಿಸಬೇಕು. ಯಾರಾದರೂ ಜಾರಿ ಬಿದ್ದರೆ ಅಂಕ ಕಡಿತವಾಗುತ್ತದೆ. ಮೊದಲ ದಿನದ ಪ್ರಾಥಮಿಕ ಸುತ್ತು ಮುಗಿದರೆ ಉಳಿಯುವುದು ಅಂತಿಮ ಸುತ್ತು ಮಾತ್ರ. ಲೀಗ್ ಪಂದ್ಯಗಳಿಲ್ಲ, ಸೋತವರಿಗೆ ಮುಂದಿನ ವಾರ ಇನ್ನೊಂದು ಪಂದ್ಯವೂ ಇಲ್ಲ. ಗೆದ್ದ ತಂಡದವರು ಸಮವಸ್ತ್ರದಲ್ಲೇ ಓಡಿ ಸಮುದ್ರಕ್ಕೆ ಧುಮುಕುವುದು ಅಲ್ಲಿನ ವಾಡಿಕೆ.

ನಾನು ಟೆಕ್ಸಸ್ ರಾಜ್ಯದಲ್ಲಿ ಕಾಲೇಜು ಕ್ರೀಡಾಪಟುಗಳ ಗಾಯಗಳಿಗೆ ಚಿಕಿತ್ಸೆ ನೀಡುವ ಫಿಸಿಯೋಥೆರಪಿಸ್ಟ್. ಈ ಚಾಂಪಿಯನ್‌ಷಿಪ್‌ಗೆ ಸಿದ್ಧರಾಗುವ ಹುಡುಗ ಹುಡುಗಿಯರು ಅಕ್ಟೋಬರ್‌ನಿಂದಲೇ ನನ್ನ ಬಳಿ ಬರತೊಡಗುತ್ತಾರೆ. ಅವರನ್ನು ನೋಡುತ್ತ ಬಂದಂತೆ ನನಗೆ ಖಚಿತವಾಗಿರುವ ವಿಷಯವೊಂದಿದೆ. ಚಿಯರ್‌ಲೀಡಿಂಗ್ ಕ್ರೀಡೆಯೋ ಅಲ್ಲವೋ ಎಂಬ ಚರ್ಚೆಯನ್ನು ಬಹಳ ಮಂದಿ ಗೌರವದ ಪ್ರಶ್ನೆಯೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ತರಬೇತಿಯ ಹೊತ್ತಿನಲ್ಲಿ ಮ್ಯಾಟಿನ ಅಂಚಿನಲ್ಲಿ ವೈದ್ಯಕೀಯ ಅರಿವುಳ್ಳವರು ಯಾರಾದರೂ ಇರುತ್ತಾರೆಯೇ ಎಂಬ ಪ್ರಶ್ನೆ.

ಕರ್ನಾಟಕದ ಓದುಗರಿಗೆ ಚಿಯರ್‌ಲೀಡರ್ ಎಂದರೆ ನೆನಪಾಗುವುದು ಐಪಿಎಲ್. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಮೊದಲ ಪಂದ್ಯದಲ್ಲೇ ಅಮೆರಿಕದಿಂದ ಬಂದ ಚಿಯರ್‌ಲೀಡರ್‌ಗಳು ಬೌಂಡರಿ ಗೆರೆಯ ಪಕ್ಕದಲ್ಲಿ ಕುಣಿದಿದ್ದರು. ಅದು ವೃತ್ತಿಪರ ನೃತ್ಯ. ಕಾಲೇಜು ಚಿಯರ್‌ಲೀಡಿಂಗ್ ಅದರಿಂದ ಬಹಳ ದೂರ ಸಾಗಿದ, ಜಿಮ್ನಾಸ್ಟಿಕ್ಸ್‌ಗೆ ಹತ್ತಿರವಾದ ವಿದ್ಯೆ. ಅದರ ಆರಂಭ 1898ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದ ಫುಟ್ಬಾಲ್ ಪಂದ್ಯವೊಂದರಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರ ಮುಂದೆ ನಿಂತು ಘೋಷಣೆ ಕೂಗಿಸಿದಲ್ಲಿಂದ ಎಂದು ಹೇಳುವುದು ರೂಢಿ. ಮೊದಲ ಕೆಲವು ದಶಕಗಳಲ್ಲಿ ಇದು ಹುಡುಗರದೇ ಚಟುವಟಿಕೆಯಾಗಿತ್ತು, ಹುಡುಗಿಯರು ಸೇರಿದ್ದು 1920ರ ದಶಕದಲ್ಲಿ. ಲಾರೆನ್ಸ್ ಹರ್ಕಿಮರ್ 1948ರಲ್ಲಿ ತರಬೇತಿ ಶಿಬಿರಗಳನ್ನು ಆರಂಭಿಸಿ ನ್ಯಾಷನಲ್ ಚಿಯರ್‌ಲೀಡರ್ಸ್ ಅಸೋಸಿಯೇಷನ್ ಅನ್ನು ಕಟ್ಟಿದರು. ಆ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಜೆಫ್ ವೆಬ್ 1974ರಲ್ಲಿ ಯೂನಿವರ್ಸಲ್ ಚಿಯರ್‌ಲೀಡರ್ಸ್ ಅಸೋಸಿಯೇಷನ್ ಹುಟ್ಟುಹಾಕಿ ಲಾಗ, ಎಸೆತ, ಪಿರಮಿಡ್‌ಗಳನ್ನು ಈ ವಿದ್ಯೆಯ ನಡುಮಧ್ಯಕ್ಕೆ ತಂದರು. ಇಂದು ಡೇಟೋನಾದ ಚಾಂಪಿಯನ್‌ಷಿಪ್ ಮೊದಲಿನ ಸಂಸ್ಥೆಯದು, ಜನವರಿಯಲ್ಲಿ ಒರ್ಲ್ಯಾಂಡೊದ ಡಿಸ್ನಿ ಆವರಣದಲ್ಲಿ ನಡೆಯುವುದು ಎರಡನೆಯದರದು. ಎರಡೂ ಈಗ ವಾರ್ಸಿಟಿ ಎಂಬ ಒಂದೇ ಖಾಸಗಿ ಕಂಪನಿಯ ಒಡೆತನದಲ್ಲಿವೆ. ಸಮವಸ್ತ್ರ ಮಾರುವುದೂ ಶಿಬಿರ ನಡೆಸುವುದೂ ಚಾಂಪಿಯನ್‌ಷಿಪ್ ಏರ್ಪಡಿಸುವುದೂ ಅದೇ ಕಂಪನಿ.

ಗಾಯಗಳ ಸ್ವರೂಪ ಅರ್ಥವಾಗಬೇಕಾದರೆ ಬ್ಯಾಸ್ಕೆಟ್ ಟಾಸ್ ಎಂಬ ಎಸೆತವನ್ನು ಹತ್ತಿರದಿಂದ ನೋಡಬೇಕು. ಬೇಸ್ ಎಂದು ಕರೆಸಿಕೊಳ್ಳುವ ಇಬ್ಬರು ಎದುರುಬದುರು ನಿಂತು, ತಮ್ಮ ಒಂದು ಮಣಿಕಟ್ಟನ್ನೂ ಎದುರಿನವರ ಒಂದು ಮಣಿಕಟ್ಟನ್ನೂ ಹಿಡಿದು ಚೌಕವೊಂದನ್ನು ಹೆಣೆಯುತ್ತಾರೆ. ನಮ್ಮಲ್ಲಿ ಸ್ಕೌಟ್ಸ್ ಶಿಬಿರದ ಪ್ರಥಮ ಚಿಕಿತ್ಸೆಯ ಪಾಠದಲ್ಲಿ ಗಾಯಾಳುವನ್ನು ಕೂರಿಸಿ ಒಯ್ಯಲು ಕಲಿಸುವ ನಾಲ್ಕು ಕೈಗಳ ಆಸನವೇ ಇದು. ಆ ಚೌಕದ ಮೇಲೆ ಫ್ಲೈಯರ್, ಅಂದರೆ ಮೇಲೆ ಹಾರುವವಳು, ಪಾದಗಳನ್ನು ಊರುತ್ತಾಳೆ. ಬೆನ್ನ ಹಿಂದೆ ನಿಂತ ಬ್ಯಾಕ್ ಸ್ಪಾಟ್ ಆಕೆಯನ್ನು ಹಿಂದಿನಿಂದ ಎತ್ತಿಕೊಡುತ್ತಾಳೆ. ಎಲ್ಲರೂ ಒಂದೇ ಎಣಿಕೆಗೆ ಮಂಡಿ ಮಡಚಿ, ಒಂದೇ ಎಣಿಕೆಗೆ ಎಸೆಯುತ್ತಾರೆ. ಮೇಲೆ ಹೋದ ಫ್ಲೈಯರ್ ಒಂದು ಕಾಲನ್ನು ಹಣೆಯವರೆಗೆ ಚಿಮ್ಮಿಸಿ, ಒಂದೋ ಎರಡೋ ಸುತ್ತು ತಿರುಗಿ, ಮುಖ ಮೇಲಾಗಿ ತೋಳುಗಳ ತೊಟ್ಟಿಲಿಗೆ ಬೀಳಬೇಕು.

ಇಲ್ಲಿನ ಲೆಕ್ಕ ಸರಳವಾದದ್ದು. ಫ್ಲೈಯರ್‌ಳ ಸೊಂಟ ನೆಲದಿಂದ 5 ಮೀಟರ್ ಎತ್ತರಕ್ಕೆ ಹೋಯಿತೆಂದೂ, ಕೆಳಗಿನವರು ಆಕೆಯನ್ನು 1.4 ಮೀಟರ್ ಎತ್ತರದಲ್ಲಿ ಹಿಡಿದರೆಂದೂ ಇಟ್ಟುಕೊಳ್ಳೋಣ. ನಡುವಿನ 3.6 ಮೀಟರ್ ಬೀಳುವಷ್ಟರಲ್ಲಿ ಆಕೆಯ ವೇಗ ಗಂಟೆಗೆ 30 ಕಿ.ಮೀ. ತಲುಪಿರುತ್ತದೆ. ಆ ವೇಗವನ್ನು ಅರ್ಧ ಮೀಟರ್ ಅಂತರದಲ್ಲಿ ತಡೆದು ನಿಲ್ಲಿಸಲು ಆಕೆಯ ತೂಕದ ಸುಮಾರು ಎಂಟು ಪಟ್ಟು ಬಲ ಬೇಕು. ಫ್ಲೈಯರ್ 45 ಕಿಲೊ ತೂಗಿದರೆ, ಹಿಡಿಯುವ ಮೂವರಲ್ಲಿ ಒಬ್ಬೊಬ್ಬರ ಪಾಲಿಗೂ ಆ ಕ್ಷಣದಲ್ಲಿ 120 ಕಿಲೊ ತೂಕಕ್ಕೆ ಸಮನಾದ ಭಾರ ಬೀಳುತ್ತದೆ. ಮೂವರಲ್ಲಿ ಒಬ್ಬರು ಅರ್ಧ ಹೆಜ್ಜೆ ತಡವಾದರೆ ಉಳಿದಿಬ್ಬರ ಪಾಲು ಏರುತ್ತದೆ, ಫ್ಲೈಯರ್‌ಳ ತಲೆ ಇರುವ ಬದಿ ಕೆಳಗೆ ಜಗ್ಗುತ್ತದೆ. ಇದು ಒಂದು ಎಸೆತದ ಮಾತು. ತರಬೇತಿಯ ಒಂದೇ ಸಂಜೆಯಲ್ಲಿ ಇಂಥ ಎಸೆತಗಳು ಮತ್ತೆ ಮತ್ತೆ ನಡೆಯುತ್ತವೆ. ಚಾಂಪಿಯನ್‌ಷಿಪ್ ಹತ್ತಿರವಾದಂತೆ ಇಡೀ ರೂಟೀನನ್ನು ಎಲ್ಲಿಯೂ ಕಡಿಮೆ ಮಾಡದೆ ಆರಂಭದಿಂದ ಕೊನೆಯವರೆಗೆ ನಡೆಸುವ ‘ಫುಲ್ ಔಟ್’ಗಳು ದಿನದಿನಕ್ಕೆ ಹೆಚ್ಚುತ್ತವೆ. ಜೊತೆಗೆ, ಕಾಲೇಜು ತಂಡಗಳು ಸ್ಪರ್ಧಿಸುವ ಮ್ಯಾಟಿನ ಅಡಿಯಲ್ಲಿ ಜಿಮ್ನಾಸ್ಟಿಕ್ಸ್‌ನವರ ನೆಲಕ್ಕಿರುವಂತೆ ಸ್ಪ್ರಿಂಗ್‌ಗಳಿರುವುದಿಲ್ಲ. ಲಾಗ ಹಾಕಿ ಇಳಿದಾಗ ನೆಲ ಹಿಂದಿರುಗಿಸುವ ಪೆಟ್ಟನ್ನು ಪಾದದ ಹರಡು, ಮಂಡಿ ಮತ್ತು ಬೆನ್ನೇ ನುಂಗಿಕೊಳ್ಳಬೇಕು.

ಮೇಲೆ ಹಾರುವವರಿಗೇ ಹೆಚ್ಚು ಪೆಟ್ಟಾಗುತ್ತದೆ ಎಂಬ ಊಹೆ ನನ್ನ ಅನುಭವದಲ್ಲಿ ಸುಳ್ಳು. ಕೆಳಗೆ ನಿಂತು ಹಿಡಿಯುವವರ ಗಾಯಗಳೇ ನನ್ನ ಕೊಠಡಿಯನ್ನು ತುಂಬುತ್ತವೆ. ಬೇಸ್‌ಗಳಿಗೆ ಮಣಿಕಟ್ಟು, ಭುಜ ಮತ್ತು ಸೊಂಟದ ನೋವು. ಬ್ಯಾಕ್ ಸ್ಪಾಟ್‌ಗಳಿಗೆ ಬೀಳುವವಳ ಮೊಣಕೈ ತಗುಲಿ ಮೂಗು, ಹುಬ್ಬು, ದವಡೆಗೆ ಪೆಟ್ಟು. ಫ್ಲೈಯರ್‌ಗಳಲ್ಲಿ ನಾನು ಹೆಚ್ಚಾಗಿ ಕಾಣುವುದು ಬೆನ್ನಿನ ಕೆಳಭಾಗದ ತೊಂದರೆ. ಒಂಟಿ ಕಾಲಿನ ಮೇಲೆ ನಿಂತು ಇನ್ನೊಂದು ಪಾದವನ್ನು ಬೆನ್ನ ಹಿಂದಿನಿಂದ ತಲೆಯ ಮೇಲಕ್ಕೆ ಎಳೆಯುವ ‘ಸ್ಕಾರ್ಪಿಯನ್’ ಭಂಗಿಯಲ್ಲಿ ಬೆನ್ನುಮೂಳೆ ಹಿಂದಕ್ಕೆ ಅತಿಯಾಗಿ ಬಾಗುತ್ತದೆ. ವರ್ಷಗಟ್ಟಲೆ ಹೀಗೆ ಬಾಗಿಸಿದ ಹದಿಹರೆಯದ ಬೆನ್ನಿನ ಕೆಳಗಿನ ಮಣಿಗಳಲ್ಲಿ ಕೂದಲೆಳೆಯಂಥ ಬಿರುಕು ಮೂಡಬಹುದು. ಒಂಟಿ ಕಾಲಿನಲ್ಲಿ ನಿಲ್ಲಿಸಿ ಹಿಂದಕ್ಕೆ ಬಾಗಿಸಿದಾಗ ಒಂದೇ ಬದಿಯಲ್ಲಿ ಚುಚ್ಚಿದಂತೆ ನೋಯುತ್ತದೆ ಎಂದರೆ ನಾನು ಮುಂದಿನ ತಪಾಸಣೆಯಾಗುವವರೆಗೆ ಆಕೆಯನ್ನು ಮ್ಯಾಟಿಗೆ ಕಳುಹಿಸುವುದಿಲ್ಲ. ತೂಕದ ವಿಷಯವನ್ನೂ ಇಲ್ಲಿ ಹೇಳಲೇಬೇಕು. ಹಗುರವಾಗಿರಬೇಕೆಂಬ ಒತ್ತಡದಲ್ಲಿ ಊಟ ಬಿಟ್ಟು, ಮುಟ್ಟು ನಿಂತುಹೋದ ಹುಡುಗಿಯ ಮೂಳೆ ಅದೇ ಪೆಟ್ಟಿಗೆ ಬೇಗ ಬಿರಿಯುತ್ತದೆ. ಮುಟ್ಟಿನ ಬಗ್ಗೆ ಕೇಳದೆ ಫ್ಲೈಯರ್‌ಳ ಬೆನ್ನುನೋವಿಗೆ ವ್ಯಾಯಾಮ ಬರೆದುಕೊಡುವುದು ಅರೆಬರೆ ಚಿಕಿತ್ಸೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ತಲೆಗೆ ಪೆಟ್ಟು ಬಿದ್ದು ಮಿದುಳು ಅಲುಗಾಡುವ ಕನ್ಕಷನ್. ಇದರಲ್ಲಿ ಸ್ಪರ್ಧೆಯ ಸ್ವರೂಪವೇ ರೋಗಿಯ ಬಾಯಿ ಮುಚ್ಚಿಸುತ್ತದೆ. ಟೆಕ್ಸಸ್‌ನ ಕೋರ್ಸಿಕಾನಾ ಪಟ್ಟಣದ ನವಾರೊ ಕಾಲೇಜಿನಂಥ ಹೆಸರಾಂತ ತಂಡದಲ್ಲಿ ಸುಮಾರು 40 ಮಂದಿ ಅಭ್ಯಾಸ ಮಾಡಿದರೂ ಡೇಟೋನಾದ ಮ್ಯಾಟಿಗೆ ಇಳಿಯುವವರು 20 ಮಂದಿ. ನವಾರೊ ಮತ್ತು ಅದಕ್ಕೆ ಬಹಳ ದೂರವೇನೂ ಇಲ್ಲದ ಟ್ರಿನಿಟಿ ವ್ಯಾಲಿ, ಎರಡೂ ಎರಡು ವರ್ಷಗಳ ಸಮುದಾಯ ಕಾಲೇಜುಗಳು. ಅಲ್ಲಿಗೆ ಬಂದ ವಿದ್ಯಾರ್ಥಿಗೆ ಚಾಂಪಿಯನ್‌ಷಿಪ್ ಸಿಗುವುದು ಸಾಮಾನ್ಯವಾಗಿ ಎರಡೇ ಬಾರಿ. ಹೀಗಿರುವಾಗ ಮಾರ್ಚ್ ತಿಂಗಳಲ್ಲಿ ತಲೆ ಸುತ್ತುತ್ತಿದೆ, ಬೆಳಕು ಕಣ್ಣಿಗೆ ಚುಚ್ಚುತ್ತಿದೆ ಎಂದು ಯಾರು ಬಾಯಿ ಬಿಡುತ್ತಾರೆ? ಮಾತನಾಡುವಾಗ ಕಣ್ಣು ಕಿರಿದು ಮಾಡುವುದು, ಎಣಿಕೆಗೆ ಒಂದು ತಾಳ ತಡವಾಗುವುದು, ಎಂದೂ ತಪ್ಪದ ಹಿಡಿತ ಎರಡು ಸಲ ಜಾರುವುದು, ಇಂಥ ಚಿಹ್ನೆಗಳನ್ನು ಗುರುತಿಸಲು ತಂಡವನ್ನು ದಿನವೂ ನೋಡುವ, ಆದರೆ ಆಯ್ಕೆಯಲ್ಲಿ ಪಾಲಿಲ್ಲದ ವ್ಯಕ್ತಿಯೊಬ್ಬರು ಅಲ್ಲಿರಬೇಕು. ತರಬೇತುದಾರರು ಎಷ್ಟೇ ಒಳ್ಳೆಯವರಾಗಿದ್ದರೂ ಈ ಹೊಣೆಯನ್ನು ಅವರೊಬ್ಬರ ಮೇಲೆ ಹೊರಿಸುವುದು ಅವರಿಗೂ ಅನ್ಯಾಯ.

ಮತ್ತೆ ಆಟಕ್ಕೆ ಮರಳಿಸುವಾಗ ನಾನು ಅನುಸರಿಸುವ ಕ್ರಮ ಹೀಗಿದೆ. ದೈನಂದಿನ ಓದು ಓಡಾಟಗಳಲ್ಲಿ ಲಕ್ಷಣಗಳು ಇಳಿದ ಮೇಲೆ ಸೈಕಲ್ ತುಳಿತ, ಆಮೇಲೆ ನೆಲದ ಮೇಲಿನ ಕೈಚಲನೆ ಮತ್ತು ಜಿಗಿತಗಳು, ಆಮೇಲೆ ಲಾಗ, ಅನಂತರ ಸೊಂಟದ ಎತ್ತರದ ಸ್ಟಂಟ್ (ಒಬ್ಬರನ್ನು ಎತ್ತಿ ನಿಲ್ಲಿಸುವುದು), ವೈದ್ಯರ ಲಿಖಿತ ಒಪ್ಪಿಗೆ ಬಂದ ಮೇಲಷ್ಟೇ ತಲೆಯ ಮೇಲಿನ ಸ್ಟಂಟ್ ಮತ್ತು ಎಸೆತ. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಕನಿಷ್ಠ 24 ಗಂಟೆಗಳ ಅಂತರ ಬೇಕು, ಲಕ್ಷಣ ಮರಳಿದರೆ ಹಿಂದಿನ ಮೆಟ್ಟಿಲಿಗೆ ಇಳಿಯಬೇಕು. ಬೇಸ್ ಮತ್ತು ಬ್ಯಾಕ್ ಸ್ಪಾಟ್‌ಗಳಿಗೂ ಇದೇ ಕ್ರಮ. ತಲೆ ಸುತ್ತುವವರು ಕೆಳಗೆ ನಿಂತಿದ್ದರೆ ಅಪಾಯ ಮೇಲಿರುವವಳಿಗೆ.

ಈಗ ಕಾನೂನಿನ ಕಡೆಗೆ ಬರೋಣ. ಕೇಂದ್ರ ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಲಿಂಗಭೇದ ಮಾಡಬಾರದೆಂದು 1972ರಲ್ಲಿ ಬಂದ ‘ಟೈಟಲ್ 9’ ಕಾಯ್ದೆಯಿಂದಾಗಿ ಕಾಲೇಜುಗಳು ಮಹಿಳೆಯರಿಗೂ ಸಮಾನ ಕ್ರೀಡಾವಕಾಶ ಕಲ್ಪಿಸಬೇಕಾಯಿತು. ಕನೆಕ್ಟಿಕಟ್‌ನ ಕ್ವಿನಿಪಿಯಾಕ್ ವಿಶ್ವವಿದ್ಯಾಲಯ 2009ರಲ್ಲಿ ಮಹಿಳಾ ವಾಲಿಬಾಲ್ ತಂಡವನ್ನು ರದ್ದುಮಾಡಿ ಸ್ಪರ್ಧಾತ್ಮಕ ಚಿಯರ್‌ಲೀಡಿಂಗ್ ತಂಡವನ್ನು ಕ್ರೀಡೆಯ ಲೆಕ್ಕಕ್ಕೆ ಸೇರಿಸಲು ಹೊರಟಾಗ ವಾಲಿಬಾಲ್ ಆಟಗಾರ್ತಿಯರು ನ್ಯಾಯಾಲಯದ ಮೊರೆಹೊಕ್ಕರು. ಏಕರೂಪದ ನಿಯಮಗಳೂ, ಸುಸಂಘಟಿತ ಋತುವೂ ಇಲ್ಲದ ಈ ಚಟುವಟಿಕೆಯನ್ನು ಆ ಕಾಯ್ದೆಯ ಮಟ್ಟಿಗೆ ಸದ್ಯಕ್ಕೆ ಕ್ರೀಡೆ ಎನ್ನಲಾಗದು ಎಂದು 2010ರಲ್ಲಿ ನ್ಯಾಯಾಧೀಶ ಸ್ಟೆಫಾನ್ ಅಂಡರ್‌ಹಿಲ್ ತೀರ್ಪಿತ್ತರು. 2012ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ವಾಲಿಬಾಲ್ ಹುಡುಗಿಯರ ಪಾಲಿಗೆ ಅದು ನ್ಯಾಯವೇ, ತೀರ್ಪನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ತನ್ನ ಪಟ್ಟಿಯಲ್ಲಿರುವ ಕ್ರೀಡೆಗಳಿಗೆ ವಾರಕ್ಕೆ 20 ಗಂಟೆಗಳ ತರಬೇತಿಯ ಮಿತಿ ಮತ್ತು ಒಂದು ದಿನದ ಕಡ್ಡಾಯ ರಜೆಯನ್ನು ವಿಧಿಸಿದೆ. ಪಟ್ಟಿಯ ಹೊರಗಿರುವ ಚಿಯರ್‌ಲೀಡರ್‌ಗಳಿಗೆ ಆ ರಕ್ಷಣೆ ಇಲ್ಲ. ಅನೇಕ ಕಾಲೇಜುಗಳಲ್ಲಿ ಅವರು ಕ್ರೀಡಾ ವಿಭಾಗದ ಬದಲು ವಿದ್ಯಾರ್ಥಿ ಚಟುವಟಿಕೆಗಳ ವಿಭಾಗದಡಿ ಬರುತ್ತಾರೆ. ಆಗ ಅವರ ಅಭ್ಯಾಸಕ್ಕೆ ಅಥ್ಲೆಟಿಕ್ ಟ್ರೇನರ್, ಅಂದರೆ ಕ್ರೀಡಾಪಟುಗಳ ಗಾಯಗಳನ್ನು ನೋಡಿಕೊಳ್ಳುವ ಆರೋಗ್ಯ ಸಿಬ್ಬಂದಿ, ಬರಬೇಕೆಂಬ ನಿಯಮವಿರುವುದಿಲ್ಲ, ಬಿಡುವಿದ್ದರೆ ಬರುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಚಿಯರ್‌ಲೀಡಿಂಗ್ ಅನ್ನು ಕ್ರೀಡೆಯೆಂದು ಪರಿಗಣಿಸಬೇಕೆಂದು ಶಿಫಾರಸು ಮಾಡಿದ್ದು ಇದೇ ಕಾರಣಕ್ಕೆ.

ನಿಯಮಗಳು ಕೆಲಸ ಮಾಡುತ್ತವೆ ಎಂಬುದಕ್ಕೆ ಪುರಾವೆಯಿದೆ. 2006ರ ಮಾರ್ಚ್‌ನಲ್ಲಿ ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಚಿಯರ್‌ಲೀಡರ್ ಒಬ್ಬಳು ಬ್ಯಾಸ್ಕೆಟ್‌ಬಾಲ್ ಪಂದ್ಯದ ನಡುವೆ ಪಿರಮಿಡ್‌ನಿಂದ ತಲೆಯಡಿಯಾಗಿ ಮರದ ಅಂಕಣಕ್ಕೆ ಬಿದ್ದಳು. ಕುತ್ತಿಗೆಯ ಮೂಳೆ ಬಿರುಕುಬಿಟ್ಟಿತ್ತು, ಕನ್ಕಷನ್ ಆಗಿತ್ತು. ಸ್ಟ್ರೆಚರ್‌ಗೆ ಕಟ್ಟಿ ಹೊರಗೊಯ್ಯುವಾಗ ವಾದ್ಯವೃಂದ ವಿಶ್ವವಿದ್ಯಾಲಯದ ಗೀತೆ ನುಡಿಸಿತು, ಆಕೆ ಮಲಗಿದ್ದಂತೆಯೇ ಕೈಗಳನ್ನು ಹಾಡಿಗೆ ತಕ್ಕಂತೆ ಆಡಿಸಿದಳು. ದೇಶವೆಲ್ಲ ಆ ದೃಶ್ಯವನ್ನು ಮೆಚ್ಚಿತು. ಕುತ್ತಿಗೆಗೆ ಪೆಟ್ಟಾದವರನ್ನು ಕಂಡಿರುವ ಯಾರಿಗೂ ಅದನ್ನು ಭಯವಿಲ್ಲದೆ ನೋಡಲಾಗದು. ಮುಂದಿನ ಋತುವಿನಿಂದ ಮ್ಯಾಟ್ ಹಾಸದ ಗಟ್ಟಿ ನೆಲದ ಮೇಲೆ ಬ್ಯಾಸ್ಕೆಟ್ ಟಾಸ್ ನಿಷಿದ್ಧವಾಯಿತು. ಮುಂದೆ ನಡೆದ ಅಧ್ಯಯನ, ಆ ನಿಯಮದ ನಂತರ ಅಂಥ ಎಸೆತಗಳಿಂದಾಗುವ ಮಾರಣಾಂತಿಕ ಹಾಗೂ ಶಾಶ್ವತ ಗಾಯಗಳು ಸ್ಪಷ್ಟವಾಗಿ ಇಳಿದಿವೆ ಎಂದು ತೋರಿಸಿತು.

ಪರ್ಯಾಯ ದಾರಿಗಳೂ ತೆರೆದಿವೆ. ಇದೇ ಕೌಶಲಗಳನ್ನು ಬಳಸಿ, ಎರಡು ತಂಡಗಳು ನೇರವಾಗಿ ಎದುರಾಗುವ ‘ಅಕ್ರೋಬ್ಯಾಟಿಕ್ಸ್ ಅಂಡ್ ಟಂಬ್ಲಿಂಗ್’ ಮತ್ತು ‘ಸ್ಟಂಟ್’ ಎಂಬ ಹೆಸರಿನ ಎರಡು ಮಹಿಳಾ ಸ್ಪರ್ಧೆಗಳನ್ನು ಎನ್‌ಸಿಎಎ ಕ್ರಮವಾಗಿ 2020 ಮತ್ತು 2023ರಲ್ಲಿ ಉದಯೋನ್ಮುಖ ಕ್ರೀಡೆಗಳ ಪಟ್ಟಿಗೆ ಸೇರಿಸಿಕೊಂಡಿತು. ಅಲ್ಲಿ ಋತುವಿದೆ, ಪಂದ್ಯಗಳಿವೆ, ಒಂದು ವಾರ ವಿಶ್ರಾಂತಿ ಪಡೆದರೆ ಇಡೀ ವರ್ಷ ಕಳೆದುಹೋಗುವುದಿಲ್ಲ. ಈ ಒಂದೇ ಬದಲಾವಣೆ ಗಾಯ ಮುಚ್ಚಿಡುವ ಪ್ರವೃತ್ತಿಯನ್ನು ಎಷ್ಟೋ ತಗ್ಗಿಸುತ್ತದೆ ಎಂಬುದು ನನ್ನ ನಂಬಿಕೆ. ಆದರೆ ಹುಡುಗರೂ ಹುಡುಗಿಯರೂ ಒಟ್ಟಿಗೆ ಆಡುವ ಮಿಶ್ರ ತಂಡಗಳಿಗೆ ಅಲ್ಲಿ ಜಾಗವಿಲ್ಲ, ಆದ್ದರಿಂದ ಡೇಟೋನಾದ ಆಕರ್ಷಣೆ ಬೇಗನೆ ಕುಂದದು.

ಇಲ್ಲಿರುವ ಕನ್ನಡಿಗರ ಮನೆಗಳ ಮಕ್ಕಳೂ ಈಗ ಕಾಲೇಜು ತಂಡಗಳ ಆಯ್ಕೆಗೆ ಹೋಗುತ್ತಾರೆ. ತಂದೆತಾಯಿ ಫೋನ್ ಮಾಡಿ, ಕಳುಹಿಸಬಹುದೇ ಎಂದು ಕೇಳುತ್ತಾರೆ. ಕಳುಹಿಸಿ ಎಂದೇ ಹೇಳುತ್ತೇನೆ, ಏಕೆಂದರೆ ಇಷ್ಟು ಜನ ಒಬ್ಬರ ಮೇಲೊಬ್ಬರು ಪೂರ್ಣ ಭರವಸೆಯಿಟ್ಟು ಕಲಿಯುವ ವಿದ್ಯೆಗಳು ಕಡಿಮೆ. ಆದರೆ ಸಹಿ ಹಾಕುವ ಮೊದಲು ಕಾಲೇಜಿಗೆ ಹೋಗಿ ಕೆಲವು ವಿಷಯಗಳನ್ನು ಕೇಳಿ ಬರಬೇಕು. ಸಂಜೆಯ ತರಬೇತಿಯಲ್ಲಿ ಅಥ್ಲೆಟಿಕ್ ಟ್ರೇನರ್ ಖುದ್ದಾಗಿ ಇರುತ್ತಾರೆಯೇ, ಅಥವಾ ಫೋನಿನಲ್ಲಿ ಮಾತ್ರ ಸಿಗುತ್ತಾರೆಯೇ? ಋತುವಿನ ಮೊದಲು ಕನ್ಕಷನ್‌ಗೆ ಸಂಬಂಧಿಸಿದ ಪ್ರಾಥಮಿಕ ಪರೀಕ್ಷೆ ಮಾಡಿಸುತ್ತಾರೆಯೇ? ತಂಡ ಕ್ರೀಡಾ ವಿಭಾಗದ ವಿಮೆಗೆ ಒಳಪಟ್ಟಿದೆಯೇ? ತುರ್ತುಸ್ಥಿತಿಯ ಯೋಜನೆ ಬರಹದಲ್ಲಿದೆಯೇ, ಆಂಬುಲೆನ್ಸ್ ಯಾವ ಬಾಗಿಲಿಗೆ ಬರಬೇಕು ಮತ್ತು ರಾತ್ರಿ ಎಂಟರ ಮೇಲೆ ಆ ಬಾಗಿಲಿನ ಕೀಲಿ ಯಾರ ಬಳಿ ಇರುತ್ತದೆ ಎಂಬುದು ಅದರಲ್ಲಿ ಬರೆದಿದೆಯೇ? ಈ ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರಿಸುವ ತರಬೇತುದಾರರಿದ್ದರೆ, ಉಳಿದವುಗಳಿಗೂ ಅವರ ಬಳಿ ಉತ್ತರವಿರುತ್ತದೆ.