ಗೇಜು ಸರಿ ಉಂಟು, ಪಿಸ್ಟನ್ ಕರಗಿತು

ಪ್ರತಿವರ್ಷ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಜೀಪಿನ ಹಿಂದೆ ಟ್ರೇಲರ್ ಕಟ್ಟಿ, ನೀರಿನ ಮೇಲೆ ಓಡುವ ಬೈಕಿನಂಥ ಜೆಟ್ ಸ್ಕೀಯನ್ನು ಟಾರ್ಪಾಲು ಹೊದಿಸಿ ಹೇರಿಕೊಂಡು ನನ್ನ ವರ್ಕ್‌ಶಾಪಿಗೆ ಬರುವವರು ಮೂರ್ನಾಲ್ಕು ಮಂದಿಯಾದರೂ ಇರುತ್ತಾರೆ. ಕಡಲಿಲ್ಲದ ಕೊಡಗಿನಲ್ಲಿ ಇದೇನು ಹುಚ್ಚು ಎಂದು ಕೇಳುವವರುಂಟು. ರ‍್ಯಾಲಿ ಕಾರಿನ ಹುಚ್ಚು ಹಿಡಿದ ನಾಡಿಗೆ ನೀರಿನ ಮೇಲಿನ ರೇಸಿನ ಹುಚ್ಚು ಹಿಡಿಯುವುದು ದೊಡ್ಡ ಮಾತೇನಲ್ಲ. ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು ದಾಟಿದರೆ ಮಂಗಳೂರಿನ ಕಡಲು ಅರ್ಧ ದಿನದ ದಾರಿಯೂ ಅಲ್ಲ. ಅವರ ಹುಚ್ಚಿನ ಬಗ್ಗೆ ನನಗೆ ತಕರಾರಿಲ್ಲ, ನನ್ನ ಮನೆಯ ಒಲೆಯೂ ಅದರಿಂದ ಸ್ವಲ್ಪ ಉರಿಯುತ್ತದೆ. ತಕರಾರಿರುವುದು ಜೀಪಿನಿಂದ ಇಳಿಯುವ ಮೊದಲೇ ಅವರಾಡುವ ಒಂದು ಮಾತಿನ ಬಗ್ಗೆ: “ಫ್ಯುಯೆಲ್ ಪ್ರೆಶರ್ ನೋಡಿ ಆಗಿದೆ, ಅದೆಲ್ಲ ಸರಿ ಉಂಟು.”

ಎಲ್ಲಿ ನೋಡಿದ್ದು ಎಂದು ಕೇಳಿದರೆ ಮನೆಯ ಅಂಗಳದಲ್ಲಿ, ಟ್ರೇಲರಿನ ಮೇಲೆಯೇ, ಹೋಸ್ ಪೈಪಿನ ನೀರು ಕೊಟ್ಟು, ಐಡ್ಲಿಂಗ್‌ನಲ್ಲಿ ಎಂಬ ಉತ್ತರ ಬರುತ್ತದೆ. ಪೆಟ್ರೋಲಿನ ಒತ್ತಡ ತೋರಿಸುವ ಗೇಜಿನ ಮುಳ್ಳು ನಾಲ್ಕು ಬಾರ್‌ನಲ್ಲಿ ಅಲುಗಾಡದೆ ನಿಂತಿತ್ತಂತೆ. ನಿಲ್ಲದೆ ಏನು ಮಾಡೀತು? ಐಡ್ಲಿಂಗ್‌ನಲ್ಲಿ ಇಂಥ ಎಂಜಿನ್ ಕುಡಿಯುವುದು ಗಂಟೆಗೆ ಎರಡು ಮೂರು ಲೀಟರ್ ಮಾತ್ರ. ಪಂಪು ಎತ್ತಿದ ಉಳಿದ ಪೆಟ್ರೋಲೆಲ್ಲ ಒತ್ತಡ ಕಾಯುವ ರೆಗ್ಯುಲೇಟರಿನ ಮೂಲಕ ಟ್ಯಾಂಕಿಗೇ ಮರಳುತ್ತದೆ. ಅದೇ ಎಂಜಿನ್, ಉದಾಹರಣೆಗೆ ಸೀ-ಡೂ ಕಂಪನಿಯ 1630 ಸಿಸಿಯ, 300 ಅಶ್ವಶಕ್ತಿಯ ಸೂಪರ್‌ಚಾರ್ಜ್ಡ್ ರೋಟ್ಯಾಕ್ಸ್, ಥ್ರಾಟಲ್ ಪೂರ್ತಿ ಒತ್ತಿ ನೀರಿನ ಮೇಲೆ ಹಾರುತ್ತಿರುವಾಗ ಗಂಟೆಗೆ 100 ಲೀಟರಿಗೂ ಹೆಚ್ಚು ಕೇಳುತ್ತದೆ, ಅಂದರೆ ನಿಮಿಷಕ್ಕೆ ಸುಮಾರು 1.8 ಲೀಟರ್. ಅಂಗಳದಲ್ಲಿ ನೀವು ಪರೀಕ್ಷಿಸಿದ್ದು ಅದರ ಹಸಿವಿನ ಮೂವತ್ತನೇ ಒಂದು ಭಾಗವನ್ನೂ ಅಲ್ಲ.

ತೋಟದವರಿಗೆ ಇದು ಅರ್ಥವಾಗದಿರುವುದೇ ನನಗೆ ಸೋಜಿಗ, ಏಕೆಂದರೆ ಫೆಬ್ರವರಿ ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಹಾಕಿ ಕಾಫಿ ಹೂವು ಅರಳಿಸುವವರು ಇವರೇ. ಕೆರೆಗಿಳಿಸಿದ ಸಕ್ಷನ್ ಪೈಪಿನ ಫುಟ್‌ವಾಲ್ವಿಗೆ ಎಲೆ ಕಸ ಕಟ್ಟಿಕೊಂಡಿದ್ದರೂ, ಗೇಟ್‌ವಾಲ್ವ್ ಮುಚ್ಚಿ ಪಂಪ್ ಓಡಿಸಿದರೆ ಗೇಜು ತುಂಬು ಒತ್ತಡವನ್ನೇ ತೋರಿಸುತ್ತದೆ. ಒಂದು ಸ್ಪ್ರಿಂಕ್ಲರ್ ಜೆಟ್ ತೆರೆದರೂ ಅದು ಚೆನ್ನಾಗಿ ಸುತ್ತುತ್ತದೆ. ಹನ್ನೆರಡು ಜೆಟ್‌ಗಳನ್ನೂ ತೆರೆದಾಗ ಮಾತ್ರ ಗುಡ್ಡದ ತುದಿಯ ಕೊನೆಯ ಜೆಟ್ ಸುತ್ತುವುದನ್ನು ಬಿಟ್ಟು ತೊಟ್ಟಿಕ್ಕಲು ತೊಡಗುತ್ತದೆ. ಆಗ ಯಾವ ಬೆಳೆಗಾರನೂ ಪಂಪ್‌ಹೌಸಿಗೆ ಹೋಗಿ, ವಾಲ್ವ್ ಮುಚ್ಚಿ, ಗೇಜು ಸರಿ ಇದೆ ಎಂದು ಹೇಳಿ ಮನೆಗೆ ಹೋಗುವುದಿಲ್ಲ, ಫುಟ್‌ವಾಲ್ವ್ ಎತ್ತಿಸುತ್ತಾನೆ. ಐದು ಲಕ್ಷದ ಸ್ಪ್ರಿಂಕ್ಲರಿಗೆ ತೋರುವ ಈ ವಿವೇಕವನ್ನು ಅದಕ್ಕಿಂತ ಹಲವು ಪಟ್ಟು ದುಬಾರಿಯ ಯಂತ್ರಕ್ಕೂ ದಯವಿಟ್ಟು ತೋರಿಸಿ. ಒತ್ತಡ ಬೇರೆ, ಹರಿವು ಬೇರೆ. ಹರಿವು ಪೂರ್ತಿ ಇರುವಾಗ ಒತ್ತಡ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ಬೆಲೆ.

ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಇದಕ್ಕೆ ಇನ್ನೊಂದು ತೊಡಕನ್ನು ಸೇರಿಸುತ್ತದೆ. ಗಾಳಿಯನ್ನು ಕೇಂದ್ರಾಪಗಾಮಿಯಾಗಿ ತಳ್ಳುವ ಬಗೆಯ ಸೂಪರ್‌ಚಾರ್ಜರಿನಲ್ಲಿ ಬೂಸ್ಟ್, ಅಂದರೆ ಹಾಗೆ ತುಂಬಿದ ಗಾಳಿಯ ಒತ್ತಡ, ಹೆಚ್ಚುಕಡಿಮೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 5,000 ಆರ್‌ಪಿಎಂನಲ್ಲಿ ಏನೂ ಅಲ್ಲದ್ದು 8,000ದ ಹತ್ತಿರ ಬಂದಾಗ ಎಲ್ಲವೂ ಆಗಿಬಿಡುತ್ತದೆ. ಟ್ರೇಲರಿನ ಮೇಲೆ ಹೊರೆಯಿಲ್ಲದೆ ಎಷ್ಟು ಕಿರುಚಿಸಿದರೂ ಥ್ರಾಟಲ್ ಮುಚ್ಚಿದಂತೆಯೇ ಇರುತ್ತದೆ, ಎಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿನಲ್ಲಿ ಬೂಸ್ಟಿನ ಬದಲು ನಿರ್ವಾತವಿರುತ್ತದೆ. (ಹಾಗೆ ಕಿರುಚಿಸಲೂ ಬಾರದು, ಡ್ರೈವ್‌ಲೈನಿನ ಸೀಲುಗಳಿಗೆ ಹೋಸ್ ನೀರು ಸಾಲದು.) ಇನ್ನು ರೆಗ್ಯುಲೇಟರ್ ಟ್ಯಾಂಕಿನೊಳಗೇ ಇರುವ ಯಂತ್ರಗಳಲ್ಲಿ ಅದು ಹೊರಗಿನ ವಾತಾವರಣಕ್ಕೆ ಹೋಲಿಸಿ ನಾಲ್ಕು ಬಾರ್ ಕಾಯುತ್ತದೆಯೇ ಹೊರತು ಎಂಜಿನ್ನಿಗೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರಿನ ಮೂತಿಯ ಎದುರಿಗಿರುವ ಬೂಸ್ಟ್ ಅದಕ್ಕೆ ತಿಳಿಯುವುದಿಲ್ಲ. 0.8 ಬಾರ್ ಬೂಸ್ಟ್ ಎದುರಾದರೆ ಇಂಜೆಕ್ಟರಿನ ಪಾಲಿಗೆ ಉಳಿಯುವುದು 3.2 ಬಾರ್, ಹರಿವು ಒತ್ತಡದ ವರ್ಗಮೂಲದಂತೆ ಇಳಿಯುವುದರಿಂದ ಪೆಟ್ರೋಲು ಶೇಕಡಾ 10ರಷ್ಟು ಕಡಿಮೆ. ಕಂಪನಿಯವರು ಇದನ್ನು ಲೆಕ್ಕಹಾಕಿಯೇ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಪಾಠ ಹೇಳಿಕೊಟ್ಟಿರುತ್ತಾರೆ. ಅವರು ಲೆಕ್ಕಹಾಕದೆ ಇರುವುದು ನೀವು ಆಮೇಲೆ ಹಾಕಿಸಿದ ದೊಡ್ಡ ಚಾರ್ಜರ್ ವೀಲನ್ನು ಮತ್ತು ಟ್ಯಾಂಕಿನೊಳಗಿನ ಪಂಪಿನ ಜಾಲರಿಗೆ ಕಟ್ಟಿಕೊಂಡ ಕೆಸರನ್ನು.

ದಕ್ಷಿಣ ಕೊಡಗಿನ ಒಬ್ಬ ಯುವ ಬೆಳೆಗಾರರ ಯಂತ್ರದ ಕತೆ ಹೇಳಬೇಕು. ಪಟ್ಟಾಯದಲ್ಲಿ ರೇಸು ನೋಡಿ ಬಂದವರು, ಇನ್ನಷ್ಟು ವೇಗ ಬೇಕೆಂದು ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ದೊಡ್ಡ ಇಂಜೆಕ್ಟರ್ ಹಾಕಿಸಿದ್ದರು. ಪೂರ್ತಿ ಥ್ರಾಟಲಿನಲ್ಲಿ ಹತ್ತು ಸೆಕೆಂಡ್ ಓಡಿದ ಮೇಲೆ ಎಂಜಿನ್ ಮುಗ್ಗರಿಸುತ್ತಿತ್ತು. ಬಿಟ್ಟು ಒತ್ತಿದರೆ ಮತ್ತೆ ಸರಿ. ಮೂರನೇ ವಾರ ಒಂದು ಸಿಲಿಂಡರ್ ಸತ್ತಿತು. ನನ್ನಲ್ಲಿಗೆ ಬಂದಾಗ ಮೊದಲು ಪ್ಲಗ್ ಬಿಚ್ಚಿದೆ: ಬಿಳಿ ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆಗಳು, ನಡುವೆ ಹೊಳೆಯುವ ಅಲ್ಯೂಮಿನಿಯಂ ಹನಿಗಳು. ಅದು ಪಿಸ್ಟನ್ನಿನದೇ ಲೋಹ. ಬೂಸ್ಟ್ ಇರುವಾಗ ಪೆಟ್ರೋಲು ಕಡಿಮೆಯಾದರೆ ಎಂಜಿನ್ ನಿಧಾನವಾಗುವುದಷ್ಟೇ ಅಲ್ಲ, ಒಳಗೆ ಪೆಟ್ರೋಲು ತಾನಾಗಿ ಸಿಡಿಯುತ್ತದೆ; ಆ ಸದ್ದು ನೀರು ಗಾಳಿಯ ಅಬ್ಬರದಲ್ಲಿ ಸವಾರನಿಗೆ ಕೇಳಿಸುವುದೂ ಇಲ್ಲ. ಟ್ಯಾಂಕಿನಿಂದ ಪಂಪ್ ಎತ್ತಿ ನೋಡಿದರೆ ತಳದ ಜಾಲರಿಗೆ ಕಂದು ಲೋಳೆ ಅಂಟಿತ್ತು, ಅದರ ನಡುವೆ ಕಾಫಿ ಹೊಟ್ಟಿನ ಪುಡಿಯೂ ಇತ್ತು. ಯಂತ್ರ ಮಳೆಗಾಲವಿಡೀ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಪಕ್ಕದ ಗೋಡೌನಿನಲ್ಲಿತ್ತಂತೆ. ದೊಡ್ಡ ಇಂಜೆಕ್ಟರ್ ಹಾಕಿದ್ದು, ಕೆರೆಯ ಫುಟ್‌ವಾಲ್ವ್ ಕಟ್ಟಿರುವಾಗ ದೊಡ್ಡ ಜೆಟ್ ಹಾಕಿದಂತಾಯಿತು. ಸಿಟ್ಟು ಬಂದಿತ್ತು, ಆದರೆ ಪಿಸ್ಟನ್ನನ್ನು ಕೈಯಲ್ಲಿ ಹಿಡಿದು ಮಾತಿಲ್ಲದೆ ನಿಂತ ಹುಡುಗನನ್ನು ನೋಡಿ ಬೈಯಲು ಮನಸ್ಸಾಗದೆ ಕಾಫಿ ತರಿಸಿದೆ.

ಲೋಳೆಗೆ ಕಾರಣ ಬಹುಮಟ್ಟಿಗೆ ನೀರು. ಈಗ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇರುತ್ತದೆ. ಈ ಯಂತ್ರಗಳ ಕೈಪಿಡಿಗಳಾದರೋ ಶೇಕಡಾ 10ರ ಮಿತಿ ಹಾಕುತ್ತವೆ. ಎಥೆನಾಲ್ ಹೆಚ್ಚಿದಷ್ಟೂ ಅದೇ ಗಾಳಿಗೆ ಹೆಚ್ಚು ಪೆಟ್ರೋಲು ಬೇಕು, 10ರಿಂದ 20ಕ್ಕೆ ಹೋದರೆ ಸುಮಾರು ಶೇಕಡಾ 4ರಷ್ಟು; ನನ್ನ ಕೈಗೆ ಬಂದ ಯಂತ್ರಗಳಲ್ಲಿ ಈ ಕೊರತೆಯನ್ನು ಕಂಡು ತಿದ್ದುವ ಆಕ್ಸಿಜನ್ ಸೆನ್ಸರ್ ಇರಲಿಲ್ಲ. ಎಥೆನಾಲ್ ಒಂದು ಮಿತಿಯವರೆಗೆ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿದಾಗ, ಅಥವಾ ಮಡಿಕೇರಿಯ ಜನವರಿ ರಾತ್ರಿಯಂಥ ಚಳಿಗೆ ಆ ಮಿತಿಯೇ ಕುಗ್ಗಿದಾಗ, ನೀರೂ ಎಥೆನಾಲೂ ಸೇರಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಆಕ್ಟೇನ್, ಅಂದರೆ ಆ ಸಿಡಿತವನ್ನು ತಡೆಯುವ ಗುಣ, ಹೆಚ್ಚಿಸಿಕೊಟ್ಟಿದ್ದ ಎಥೆನಾಲ್ ಕೆಳಗಿಳಿದ ಮೇಲೆ ಮೇಲುಳಿದ ಪೆಟ್ರೋಲಿನ ಆಕ್ಟೇನ್ ಬೀಳುತ್ತದೆ; ಪಂಪು ಮೊದಲು ಹೀರುವುದಾದರೋ ತಳದ ನೀರನ್ನೇ. ಗಾಳಿಯ ತೇವದಿಂದಲೇ ಇಷ್ಟು ನೀರು ಬಂತೆಂದು ಹೇಳುವವರನ್ನು ನಾನು ಪೂರ್ತಿ ನಂಬುವುದಿಲ್ಲ, ಅದು ಬಹಳ ನಿಧಾನದ ದಾರಿ. ನಾನು ಕಂಡಂತೆ ನೀರು ಬಂದದ್ದು ಒಣಗಿ ಬಿರಿದ ಮುಚ್ಚಳದ ವಾಷರಿನಿಂದ, ಪ್ರೆಶರ್ ವಾಷರಿನಲ್ಲಿ ತೊಳೆದದ್ದರಿಂದ, ಮತ್ತು ಸೂರಿನಡಿಯಲ್ಲಿ ಬಾಯಿ ತೆರೆದಿಟ್ಟ ಕ್ಯಾನಿನಿಂದ.

ಹರಿವನ್ನು ನಾನು ಅಳೆಯುವ ಕ್ರಮ ಸರಳವಾದದ್ದು, ಆದರೆ ಮನೆಯಲ್ಲಿ ಮಾಡಿ ಎಂದು ಹೇಳಲಾರೆ; ನಾಲ್ಕು ಬಾರ್‌ನಲ್ಲಿ ಚಿಮ್ಮುವ ಪೆಟ್ರೋಲಿಗೆ ಬ್ಯಾಟರಿಯ ಒಂದು ಕಿಡಿ ಸಾಕು, ಅದರ ಆವಿ ಗಾಳಿಗಿಂತ ಭಾರವಾದ್ದರಿಂದ ಜೆಟ್ ಸ್ಕೀಯ ಒಡಲಿನ ತಳದಲ್ಲೇ ಕೂತಿರುತ್ತದೆ. ಇಂಜೆಕ್ಟರುಗಳಿಗೆ ಪೆಟ್ರೋಲು ಹಂಚುವ ಫ್ಯುಯೆಲ್ ರೈಲ್ ಎಂಬ ಕೊಳವೆಗೆ ಹೋಗುವ ಪೈಪನ್ನು ಬಿಡಿಸಿ, ಗೇಜೂ ವಾಲ್ವೂ ಇರುವ ಕೊಳವೆಯ ಮೂಲಕ ಅಳತೆಯ ಕ್ಯಾನಿಗೆ ಹರಿಸುತ್ತೇನೆ. ವಾಲ್ವನ್ನು ಮೆಲ್ಲನೆ ತೆರೆಯುತ್ತ ಹೋದಂತೆ ಮುಳ್ಳು ನಾಲ್ಕರಿಂದ ಕೆಳಗಿಳಿಯಲು ತೊಡಗುವ ಹಂತ ಸಿಗುತ್ತದೆ. ಅಲ್ಲಿ ನಿಲ್ಲಿಸಿ 30 ಸೆಕೆಂಡಿನಲ್ಲಿ ಬಿದ್ದದ್ದನ್ನು ಅಳೆಯುತ್ತೇನೆ. ಏನೂ ಬದಲಿಸದ 300 ಅಶ್ವಶಕ್ತಿಯ ಯಂತ್ರದಲ್ಲಿ ಒಂದು ಲೀಟರಿಗಿಂತ ಕಡಿಮೆ ಬಂದರೆ ಅದನ್ನು ನೀರಿಗಿಳಿಸಲು ನಾನು ಒಪ್ಪುವುದಿಲ್ಲ. ಬೂಸ್ಟ್ ಏರಿಸಿದ್ದರೆ ಇನ್ನೂ ಹೆಚ್ಚು ಬೇಕು. ಅಳೆಯುವಾಗ ಪಂಪಿನ ಕನೆಕ್ಟರಿನಲ್ಲಿ ವೋಲ್ಟೇಜನ್ನೂ ನೋಡಬೇಕು, ಏಕೆಂದರೆ ಉಪ್ಪುನೀರಿಗೆ ಹಸಿರುಗಟ್ಟಿದ ಒಂದು ಪಿನ್ನು ಒಳ್ಳೆಯ ಪಂಪನ್ನೂ ಸೋಮಾರಿಯನ್ನಾಗಿಸುತ್ತದೆ. ಹೊಸ ಪಂಪ್ ಬೇಕೆಂದು ಬಂದವರಲ್ಲಿ ಕೆಲವರಿಗೆ ನಾನು ಒಂದು ಪಿನ್ನನ್ನು ಉಜ್ಜಿಕೊಟ್ಟು ಕಳಿಸಿದ್ದೇನೆ.

ಮಳೆಗಾಲಕ್ಕೆ ಇಡುವಾಗ ಟ್ಯಾಂಕ್ ತುಂಬಿ ಪೆಟ್ರೋಲು ಕೆಡದಂತೆ ಕಾಯುವ ಸ್ಟೆಬಿಲೈಸರ್ ಹಾಕಿಡಿ ಎನ್ನುತ್ತವೆ ಕೈಪಿಡಿಗಳು. ಒಂದೆರಡು ತಿಂಗಳಿಗೆ ನಾನೂ ಅದನ್ನೇ ಹೇಳುತ್ತೇನೆ. ಜೂನ್‌ನಿಂದ ಡಿಸೆಂಬರ್‌ವರೆಗೆ ಮುಟ್ಟುವುದಿಲ್ಲವೆಂದಾದರೆ ಮತ್ತೆ ಕಡಲಿಗೆ ಹೊರಡುವ ಮುನ್ನ ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆದು ಹೊಸದನ್ನು ತುಂಬಿಸುವುದು ನನ್ನ ಅಭ್ಯಾಸ, ಅದೂ 95 ಆಕ್ಟೇನಿನ ಕೆಳಗಿನದಲ್ಲ. ಸ್ಟೆಬಿಲೈಸರ್ ನೀರನ್ನು ತೆಗೆಯುವುದಿಲ್ಲ ಎಂಬುದು ನೆನಪಿರಲಿ.

ಪಿಸ್ಟನ್ ಕರಗಿದ ಆ ಯುವಕರು ಕಳೆದ ಬಾರಿ ಬಂದಾಗ ಗೇಜಿನ ಮಾತೆತ್ತಲಿಲ್ಲ. “ಅಣ್ಣಾ, ಈ ಸಲ ನಾನೇ ಅಳೆಯಬಹುದೆಂದು ಎಲ್ಲ ತಂದಿದ್ದೇನೆ, ನೀವು ಪಕ್ಕದಲ್ಲಿ ನಿಂತರೆ ಸಾಕು” ಎಂದು ಸ್ಟಾಪ್‌ವಾಚನ್ನೂ ಕ್ಯಾನನ್ನೂ ಮೇಜಿನ ಮೇಲಿಟ್ಟರು. ಕ್ಯಾನ್ ಎತ್ತಿ ಮೂಸಿ ನೋಡಿದೆ. ಅದು ತೋಟದ ಕಳೆ ಕತ್ತರಿಸುವ ಯಂತ್ರದ್ದು, ತಳದಲ್ಲಿ ಎರಡು ಬೆರಳಿನಷ್ಟು 2ಟಿ ಎಣ್ಣೆ ಬೆರೆತ ಪೆಟ್ರೋಲು ಇತ್ತು.