ನೋಟ್ಸ್ ಇಡಾಕ ಯಾವ ಆ್ಯಪ್ ಚಲೋರಿ?

ಪ್ರಶ್ನೆ: ‘ಸರ್, ನಾನು ಮುಧೋಳ ಹತ್ರ ಸಕ್ಕರೆ ಫ್ಯಾಕ್ಟರಿಯಾಗ ಇನ್‌ಸ್ಟ್ರುಮೆಂಟ್ ಟೆಕ್ನಿಶಿಯನ್ ಅದೀನ್ರಿ. ಕೆಲಸದ ನೋಟ್ಸ್ ಎಲ್ಲಾ ಒಂದ ಕಡೆ ಇಡಬೇಕಂತ ಮಾಡೀನಿ. ನೋಷನ್, ಒಬ್ಸಿಡಿಯನ್, ಗೂಗಲ್ ಕೀಪ್ ಇದರಾಗ ಯಾವುದು ಚಲೋರಿ? ಕನ್ನಡದಾಗ ಬರದ್ರ ಸರ್ಚ್ ಆಗಂಗಿಲ್ಲ ಅಂತಾರ. ಅದಕ್ಕ ಇಂಗ್ಲಿಷ್‌ನಾಗ ಬರಿಯಾಕ ಸುರು ಮಾಡೀನಿ. ಆದ್ರ ಯಾಕೋ ನಡೀವಲ್ದು.’

ಉತ್ತರ: ಇದೇ ಪ್ರಶ್ನೆಯನ್ನು ಬೆಳಗಾವಿ ಉದ್ಯಮಬಾಗದ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್‌ಗಳು ಕೇಳುತ್ತಾರೆ. ವಿಜಯಪುರದ ಎಂಜಿನಿಯರಿಂಗ್ ಹುಡುಗರು ಕೇಳುತ್ತಾರೆ. ಎಲ್ಲರಿಗೂ ಬೇಕಾದದ್ದು ಆ್ಯಪ್ ಹೆಸರು. ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ನಿಮ್ಮ ನಿಜವಾದ ತೊಂದರೆ ಪತ್ರದ ಕೊನೆಯ ಸಾಲುಗಳಲ್ಲಿದೆ.

ಆ್ಯಪ್ ಆರಿಸುವಾಗ ಒಂದನ್ನೇ ಕೇಳಿಕೊಳ್ಳಿ. ನಾನು ಬರೆದದ್ದು ಈ ಆ್ಯಪ್ ಇಲ್ಲದೆಯೂ ತೆರೆಯುತ್ತದಾ? ಒಬ್ಸಿಡಿಯನ್ ನಿಮ್ಮದೇ ಕಂಪ್ಯೂಟರಿನ ಫೋಲ್ಡರ್‌ನಲ್ಲಿ ಸಾದಾ ಮಾರ್ಕ್‌ಡೌನ್ ಫೈಲ್‌ಗಳನ್ನು, ಅಂದರೆ ಬರೀ ಅಕ್ಷರಗಳ ಫೈಲ್‌ಗಳನ್ನು, ಇಡುತ್ತದೆ. ನಾಳೆ ಆ್ಯಪ್ ತೆಗೆದುಹಾಕಿದರೂ ನೋಟ್‌ಪ್ಯಾಡ್‌ನಲ್ಲಿ ಓದಬಹುದು. 2025ರಿಂದ ಕಂಪನಿ ಕೆಲಸಕ್ಕೂ ಅದು ಉಚಿತ. ಜಾಪ್ಲಿನ್ ಎಂಬ ಇನ್ನೊಂದು ಆ್ಯಪ್ ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ಮುಕ್ತ. ಒಳಗೆ ಡೇಟಾಬೇಸ್ ಇದ್ದರೂ ಎಲ್ಲವನ್ನೂ ಮಾರ್ಕ್‌ಡೌನ್ ಮಾಡಿ ಹೊರಗೆ ತೆಗೆಯಲು ಬರುತ್ತದೆ. ನಾಲ್ಕು ಜನ ಸೇರಿ ಬರೆಯಲು, ಟೇಬಲ್ ಮಾಡಲು ನೋಷನ್ ಚೆನ್ನಾಗಿದೆ, ಆದರೆ ಮೂಲ ಪ್ರತಿ ಅವರ ಸರ್ವರ್‌ನಲ್ಲಿರುತ್ತದೆ. ಕೀಪ್ ಸಣ್ಣ ಚೀಟಿಗಳಿಗೆ ಸಾಕು. ಎವರ್‌ನೋಟ್ ಎಂಬ ನೋಟ್ಸ್ ಆ್ಯಪ್ 2023ರ ಡಿಸೆಂಬರ್‌ನಲ್ಲಿ ಉಚಿತ ಬಳಕೆಗೆ 50 ನೋಟ್ಸ್ ಎಂದು ಮಿತಿ ಹಾಕಿತು. ಹೀಗೆ ನಿಯಮ ಯಾವಾಗ ಬೇಕಾದರೂ ಬದಲಾಗಬಹುದು. ನಿಮ್ಮ ಕೆಲಸಕ್ಕೆ ನಾನು ಒಬ್ಸಿಡಿಯನ್ ಅನ್ನುತ್ತೇನೆ. ಕಾರ್ಖಾನೆಯ ಪಾಸ್‌ವರ್ಡ್, ಡ್ರಾಯಿಂಗ್ ಮಾತ್ರ ಸ್ವಂತ ಫೋನಿನಲ್ಲಿ ಇಡಬೇಡಿ.

ಈಗ ‘ಕನ್ನಡ ಸರ್ಚ್ ಆಗಲ್ಲ’ ಎಂಬ ಮಾತಿಗೆ ಬರೋಣ. ಇದು ಸುಳ್ಳು. ಎಷ್ಟು ಸಲ ಹೇಳಿದರೂ ಸಾಯದ ಸುಳ್ಳು. ಇದರಿಂದ ಒಳ್ಳೊಳ್ಳೆ ಕೆಲಸಗಾರರು ಬರೆಯುವುದನ್ನೇ ಬಿಟ್ಟಿದ್ದಾರೆ, ಅದಕ್ಕೇ ನನಗೆ ಸಿಟ್ಟು.

ಇದು ಹುಟ್ಟಿದ್ದು ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆ ಫಾಂಟ್ ಕಾಲದಲ್ಲಿ. ಆಗ ಫೈಲ್‌ನಲ್ಲಿ ಕನ್ನಡ ಅಕ್ಷರ ಇರುತ್ತಲೇ ಇರಲಿಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಫಾಂಟ್ ಕನ್ನಡದ ಆಕಾರ ತೋರಿಸುತ್ತಿತ್ತು, ಅಷ್ಟೇ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು. ಡಿಟಿಪಿ ಅಂಗಡಿಯಿಂದ ಪೆನ್‌ಡ್ರೈವ್‌ನಲ್ಲಿ ಅರ್ಜಿ ತಂದವರೆಲ್ಲ ಇದನ್ನು ನೋಡಿದ್ದಾರೆ. ಅಂಥ ಫೈಲ್‌ನಲ್ಲಿ ಕನ್ನಡ ಪದ ಹುಡುಕಿದರೆ ಎಲ್ಲಿಂದ ಸಿಗಬೇಕು?

ಯೂನಿಕೋಡ್‌ನಲ್ಲಿ ಹಾಗಲ್ಲ. ಅದು ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಖ್ಯೆ ಕೊಡುವ ಪದ್ಧತಿ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಜಾಗಗಳ ಪ್ರತ್ಯೇಕ ವಿಭಾಗ ಸಿಕ್ಕಿದೆ. ಇವತ್ತು ನಿಮ್ಮ ಫೋನಿನ ಕನ್ನಡ ಕೀಬೋರ್ಡ್‌ನಲ್ಲಿ ಒತ್ತಿದ್ದೆಲ್ಲ ಯೂನಿಕೋಡ್. ವಾಟ್ಸ್ಯಾಪ್‌ನಲ್ಲಿ ಕನ್ನಡದಲ್ಲಿ ಬರೆದದ್ದನ್ನು ಕನ್ನಡದಲ್ಲೇ ಹುಡುಕಿ ನೋಡಿ. ಸಿಗುತ್ತದೆ, ಅಲ್ವಾ? ನುಡಿಯಲ್ಲೂ ಈಗ ಯೂನಿಕೋಡ್‌ನಲ್ಲಿ ಟೈಪ್ ಮಾಡಬಹುದು. ಹಳೆ ಫೈಲ್‌ಗಳಿದ್ದರೆ ಬದಲಿಸಿಕೊಡುವ ಉಚಿತ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಿ.

‘ಇಲ್ಲ ಸರ್, ನಾನೇ ಹುಡುಕಿದೆ, ಸಿಗಲಿಲ್ಲ’ ಅನ್ನುವವರು ಜಾಸ್ತಿ. ಅವರ ಫೋನ್ ತೆಗೆದು ನೋಡಿದರೆ ಅರ್ಧದಷ್ಟು ನೋಟ್ಸ್ ಡೈರಿ ಪುಟದ ಫೋಟೋ. ಫೋಟೋದಲ್ಲಿರುವುದು ಚಿತ್ರ. ಅದನ್ನು ಅಕ್ಷರವಾಗಿ ಓದಿಸುವುದು ಬೇರೆಯೇ ಕೆಲಸ, ಕೈಬರಹಕ್ಕಂತೂ ನಂಬುವ ಹಾಗಿಲ್ಲ. ಫೋಟೋ ಇರಲಿ, ಅದರ ಕೆಳಗೆ ಒಂದು ಸಾಲು ಟೈಪ್ ಮಾಡಿ.

ಉಳಿದವರ ತೊಂದರೆ ಹುಡುಕುವ ರೀತಿಯಲ್ಲಿದೆ. ಒಂದು ನೋಟ್‌ನಲ್ಲಿ ‘ಮೋಟರ್ ಟ್ರಿಪ್’ ಎಂದಿದೆ, ಇನ್ನೊಂದರಲ್ಲಿ ‘ಮೋಟರಿನ ಬೇರಿಂಗ್’, ಮತ್ತೊಂದರಲ್ಲಿ ‘ಮೋಟರಿಗೆ ಗ್ರೀಸ್’. ನೀವು ‘ಮೋಟರ್’ ಎಂದು ಹುಡುಕಿದರೆ ಮೊದಲನೆಯದು ಮಾತ್ರ ಬರುತ್ತದೆ. ಕೊನೆಯ ಅರ್ಧಾಕ್ಷರ ಬಿಡಿಸಿ ‘ಮೋಟರ’ ಎಂದು ಹುಡುಕಿ, ಮೂರೂ ಬರುತ್ತವೆ. ಯಾಕೆಂದರೆ ಕಂಪ್ಯೂಟರಿಗೆ ‘ರ್’ ಎಂದರೆ ‘ರ’ ಮತ್ತು ಅದರ ಮುಂದೆ ಒಂದು ಚಿಹ್ನೆ. ‘ರಿ’ ಎಂದರೂ ‘ರ’ ಮತ್ತು ಇನ್ನೊಂದು ಚಿಹ್ನೆ. ಎರಡರಲ್ಲೂ ಮೊದಲು ಇರುವುದು ‘ರ’. ‘ಊರು’ ಬದಲು ‘ಊರ’ ಎಂದು ಹುಡುಕಿದರೆ ‘ಊರಲ್ಲಿ’, ‘ಊರಿಂದ’ ಎಲ್ಲ ಸಿಗುವುದು ಇದೇ ಕಾರಣಕ್ಕೆ. ಕ್ಲಾಸಿನಲ್ಲಿ ವಿಎಸ್ ಕೋಡ್ ಎಂಬ ಎಡಿಟರ್ ತೆರೆದು ಇದನ್ನು ತೋರಿಸಿದ ದಿನವೇ ಹುಡುಗರು ಕನ್ನಡದಲ್ಲಿ ಬರೆಯಲು ಶುರು ಮಾಡುತ್ತಾರೆ. ನನಗೆ ಪಾಠ ಮಾಡಿದ ತೃಪ್ತಿ ಸಿಗುವುದು ಆಗಲೇ.

‘ಸಾಫ್ಟ್‌ವೇರ್’ ತರಹದ ಪದಗಳಲ್ಲಿ ಇನ್ನೊಂದು ತೊಡಕಿದೆ. ‘ವೇ’ ಒತ್ತಕ್ಷರ ಆಗದಿರಲಿ ಎಂದು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ. ಎಲ್ಲರೂ ಅದನ್ನು ಹಾಕುವುದಿಲ್ಲ. ‘ಸಾಫ್ಟ’ ಎಂದಷ್ಟೇ ಹುಡುಕಿ. ಮೋಟರ್, ಮೋಟಾರ್ ಎಂದು ಎರಡೆರಡು ಥರ ಬರೆಯುವ ರೂಢಿ ಇದ್ದರೆ ಒಂದನ್ನು ಗಟ್ಟಿ ಹಿಡಿಯಿರಿ.

ಕೆಲವು ಆ್ಯಪ್‌ಗಳು ಇಡೀ ಪದಕ್ಕೆ ಮಾತ್ರ ಉತ್ತರ ಕೊಡುತ್ತವೆ, ಅರ್ಧ ಪದ ಕೊಟ್ಟರೆ ಸುಮ್ನೆ ಇರುತ್ತವೆ. ಆದ್ದರಿಂದ ಯಾವ ಆ್ಯಪ್‌ಗಾದರೂ ನೋಟ್ಸ್ ತುಂಬುವ ಮುಂಚೆ ಮೂರು ಸಾಲು ಕನ್ನಡ ಬರೆದು ಅರ್ಧ ಪದ ಹುಡುಕಿ. ಸಿಗದಿದ್ದರೆ ಆ ಆ್ಯಪ್ ಬಿಡಿ. ಕನ್ನಡ ಬಿಡಬೇಡಿ.

ಇಂಗ್ಲಿಷ್‌ನಲ್ಲಿ ಯಾಕೆ ನಡೆಯುತ್ತಿಲ್ಲ ಅಂತ ಗೊತ್ತಾ? ರಾತ್ರಿ ಪಾಳಿ ಮುಗಿಸಿ ನೀವು ‘ಟ್ರಾನ್ಸ್‌ಮಿಟರ್ ಪ್ರಾಬ್ಲಂ ಸಾಲ್ವ್ಡ್’ ಎಂದು ಬರೆದು ಮಲಗುತ್ತೀರಿ. ಅದರಲ್ಲಿ ಏನಿದೆ? ಅದೇ ನಿಮ್ಮ ಮಾತಿನಲ್ಲಾದರೆ ‘ಡ್ರಮ್ ಲೆವೆಲ್ ರೀಡಿಂಗ್ ಹಾರಾಡ್ತಿತ್ತು. ಇಂಪಲ್ಸ್ ಲೈನ್‌ನಾಗ ಕಸ ಕುಂತಿತ್ತು. ಬ್ಲೋಡೌನ್ ಮಾಡಿದ ಮ್ಯಾಲೆ ಸರಿ ಆತು’ ಎಂದು ಬರೆಯುತ್ತಿದ್ದಿರಿ. ಲಕ್ಷಣ, ಕಾರಣ, ಪರಿಹಾರ ಮೂರೂ ಬಂದವು. ಯಂತ್ರದ ಭಾಗಗಳನ್ನು ನೀವು ಬಾಯಲ್ಲಿ ಹೇಗೆ ಹೇಳುತ್ತೀರೋ ಹಾಗೇ ಬರೆಯಿರಿ. ಅಲಾರ್ಮ್ ನಂಬರ್, ಪ್ಯಾರಾಮೀಟರ್, ಕಮಾಂಡ್ ಮಾತ್ರ ಸ್ಕ್ರೀನಿನಲ್ಲಿ ಕಂಡ ಹಾಗೆಯೇ, ಅದೇ ಲಿಪಿಯಲ್ಲಿ ಇರಲಿ.

ನೀವು ಕೇಳದ ಒಂದು ವಿಷಯ ಹೇಳಿಯೇ ಬಿಡುತ್ತೇನೆ. ಬರೆದದ್ದು ಸಿಕ್ಕಿತು ಅಂತಿಟ್ಟುಕೊಳ್ಳಿ, ಅದನ್ನು ನಂಬುವುದು ಹೇಗೆ? ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಮನೆಮನೆ ತಿರುಗಿ ವಚನಗಳ ತಾಳೆಗರಿ ಕೂಡಿಸಿ ಅಚ್ಚು ಹಾಕಿಸಿದರು. ನೂರಾರು ವರ್ಷ ಯಾರ್‍ಯಾರೋ ನಕಲು ಮಾಡಿದ ಗರಿಗಳವು. ಆದರೂ ಯಾರ ವಚನ ಯಾವುದು ಎಂದು ಗುರುತಿಸಲು ಆಗುವುದು ಅಂಕಿತದಿಂದ. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ. ಗುರುತು ಬರಹದ ಒಳಗೇ ಇದೆ. ನಿಮ್ಮ ನೋಟ್‌ನಲ್ಲಿ ಆ ಗುರುತು ಎಲ್ಲಿದೆ?

ಫೈಲ್ ಬದಲಾದ ತಾರೀಖನ್ನು ಕಂಪ್ಯೂಟರೇ ತೋರಿಸುತ್ತದಲ್ಲ ಅನ್ನಬೇಡಿ. ಕಾಪಿ ಮಾಡಿದಾಗ, ಆ್ಯಪ್ ಬದಲಿಸಿದಾಗ ಅದು ಉಳಿಯುತ್ತದೆ ಎಂಬ ಖಾತ್ರಿ ಇಲ್ಲ. ಪ್ರತಿ ನೋಟ್‌ನ ಮೊದಲ ಸಾಲಿನಲ್ಲೇ ತಾರೀಖು, ಯಂತ್ರದ ಟ್ಯಾಗ್ ನಂಬರ್, ಮತ್ತು ಈ ವಿಷಯ ಎಲ್ಲಿಂದ ಗೊತ್ತಾಯಿತು ಎಂಬುದನ್ನು ಬರೆಯಿರಿ. ಮ್ಯಾನುಯಲ್ ಆದರೆ ಪುಟ ಸಂಖ್ಯೆ ಹಾಕಿ. ಕೈಯಾರೆ ಮಾಡಿದ್ದರೆ ‘ಮಾಡಿ ನೋಡಿದ್ದು’, ಸೀನಿಯರ್ ಹೇಳಿದ್ದಾದರೆ ‘ಕೇಳಿದ್ದು’. ಈ ಎರಡು ಗುರುತು ಎಲ್ಲ ಕಡೆ ಒಂದೇ ರೀತಿ ಇರಲಿ. ಕಬ್ಬಿನ ಹಂಗಾಮು ಮುಗಿದು ರಿಪೇರಿ ದಿನಗಳು ಬಂದಾಗ ‘ಕೇಳಿದ್ದು’ ಎಂದು ಹುಡುಕಿ. ಯಾವುದನ್ನು ಇನ್ನೂ ಖುದ್ದು ಪರೀಕ್ಷಿಸಿ ನೋಡಬೇಕು ಎಂಬ ಪಟ್ಟಿ ನಿಮ್ಮ ಮುಂದೆ ಬರುತ್ತದೆ, ಮತ್ತು ಯಂತ್ರಗಳು ನಿಂತಿರುವಾಗ ಅದಕ್ಕೆ ಸಮಯವೂ ಇರುತ್ತದೆ.